ಸಂಪತ್ತಿನ ಬೆಳವಣಿಗೆ ಮತ್ತು ಜನರ ಬಾಳು: ಅಮೆರಿಕದ ಅನುಭವ, ನಮ್ಮ ಕರಾವಳಿ

ಒಂದು ದೇಶದಲ್ಲಿ ಕಾರ್ಖಾನೆಗಳು ಹೆಚ್ಚಿದರೆ ಆ ದೇಶದ ಜನರ ಬಾಳೂ ಅದೇ ಪ್ರಮಾಣದಲ್ಲಿ ಹಸನಾಗುತ್ತದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಕುಂದಾಪುರದಲ್ಲಿಯೂ, ಹಿಂದೆ ಬೇರೆ ತಾಲೂಕುಗಳ ಭಾಗವಾಗಿದ್ದು ಈಗ ಸ್ವತಂತ್ರ ತಾಲೂಕುಗಳಾಗಿರುವ ಬೈಂದೂರು, ಬ್ರಹ್ಮಾವರಗಳಲ್ಲಿಯೂ ನಡೆಯುವ ಸಭೆ ಸಮಾರಂಭಗಳಲ್ಲಿ ಈ ನಂಬಿಕೆ ಒಂದು ಕೊರಗಿನ ರೂಪದಲ್ಲಿ ಕೇಳಿಬರುತ್ತದೆ. ನಮ್ಮಲ್ಲಿ ದೊಡ್ಡ ಕೈಗಾರಿಕೆಯಿಲ್ಲ, ಆದ್ದರಿಂದ ಮಕ್ಕಳು ಊರು ಬಿಡುತ್ತಾರೆ. ಅಮೆರಿಕವನ್ನು ನೋಡಿರಿ, ಕೈಗಾರಿಕೆಯಿಂದಲೇ ಆ ದೇಶ ಮೇಲೆ ಬಂತು ಎಂದು ಭಾಷಣಕಾರರು ಹೇಳುತ್ತಾರೆ. ಶಾಲೆಯ ಮಾತು ಬಂದಾಗ ಇದೇ ವಾದ ಇನ್ನೊಂದು ಮುಖ ತೋರಿಸುತ್ತದೆ: ಮೊದಲು ಊರಿಗೆ ಹಣ ಬರಲಿ, ಶಾಲೆ ತಾನಾಗಿಯೇ ಒಳ್ಳೆಯದಾಗುತ್ತದೆ. ಇವೆರಡರಲ್ಲಿ ಮೊದಲನೆಯದು ಅರೆಸತ್ಯ, ಎರಡನೆಯದು ಪೂರ್ತಿ ತಪ್ಪು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಹೆಸರನ್ನೇ ಸಾಕ್ಷಿಗೆ ಕರೆಯುವುದರಿಂದ ಆ ದೇಶದ ಚರಿತ್ರೆಯನ್ನೇ ಸ್ವಲ್ಪ ನೋಡುವುದು ಉಚಿತ.

1865ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಆರ್ಥಿಕ ಬೆಳವಣಿಗೆ ಅಪೂರ್ವವಾದುದು. 1860ರಲ್ಲಿ ಸುಮಾರು 30,000 ಮೈಲಿಯಿದ್ದ ರೈಲುಹಾದಿ 1900ರ ವೇಳೆಗೆ 1,90,000 ಮೈಲಿಯನ್ನು ಮೀರಿತು. 1870ರಲ್ಲಿ 70,000 ಟನ್ನಿಗೂ ಕಡಮೆಯಿದ್ದ ಉಕ್ಕಿನ ಉತ್ಪಾದನೆ 1900ರಲ್ಲಿ ಒಂದು ಕೋಟಿ ಟನ್ನನ್ನು ದಾಟಿತು. 1860ರಲ್ಲಿ 3 ಕೋಟಿ 14 ಲಕ್ಷದಷ್ಟಿದ್ದ ಜನಸಂಖ್ಯೆ 1900ರಲ್ಲಿ 7 ಕೋಟಿ 60 ಲಕ್ಷಕ್ಕೆ ಏರಿತು. ಜನ ಹೀಗೆ ಹೆಚ್ಚುತ್ತಿದ್ದರೂ 1870ರಿಂದ 1913ರ ನಡುವೆ ತಲಾ ಉತ್ಪನ್ನ ಇಮ್ಮಡಿಗಿಂತ ಹೆಚ್ಚಾಯಿತು. 1865ರಿಂದ 1896ರವರೆಗೆ ವಸ್ತುಗಳ ಬೆಲೆ ಒಟ್ಟಿನಲ್ಲಿ ಇಳಿಮುಖವಾಗಿಯೇ ಇದ್ದುದರಿಂದ ಕೂಲಿಯವನ ಒಂದು ಡಾಲರಿಗೆ ಹೆಚ್ಚು ಹಿಟ್ಟು, ಹೆಚ್ಚು ಬಟ್ಟೆ ದೊರೆಯತೊಡಗಿತು. ಇದಿಷ್ಟನ್ನೂ ಒಪ್ಪಲೇಬೇಕು.

ಆದರೆ ಹಣದ ಲೆಕ್ಕವಲ್ಲದೆ ದೇಹದ ಲೆಕ್ಕವೆಂಬುದೊಂದುಂಟು. ಸೈನ್ಯಕ್ಕೆ ಸೇರಿದವರ ಎತ್ತರವನ್ನು ಅಳೆದು ಬರೆದಿಟ್ಟ ಹಳೆಯ ದಾಖಲೆಗಳನ್ನು ರಾಬರ್ಟ್ ಫೋಗೆಲ್, ರಿಚರ್ಡ್ ಸ್ಟೆಕೆಲ್ ಮೊದಲಾದ ಆರ್ಥಿಕ ಇತಿಹಾಸಕಾರರು ಪರಿಶೀಲಿಸಿದರು. ಇವರಲ್ಲಿ ಫೋಗೆಲ್ ಅವರು 1993ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರು. ಮಗು ಬೆಳೆಯುವ ಕಾಲದಲ್ಲಿ ಉಂಡ ಅನ್ನ, ಅನುಭವಿಸಿದ ರೋಗ, ಮಾಡಿದ ದುಡಿಮೆ ಇವೆಲ್ಲವೂ ಆಳಿನ ಎತ್ತರದಲ್ಲಿ ಉಳಿಯುತ್ತವೆ ಎಂಬುದು ಈ ಅಳತೆಯ ಹಿಂದಿರುವ ತರ್ಕ. ಅವರಿಗೆ ಕಂಡುಬಂದ ಸಂಗತಿ ವಿಲಕ್ಷಣವಾದುದು. 1830ರ ಸುಮಾರಿಗೆ ಹುಟ್ಟಿದ ಅಮೆರಿಕನ್ ಬಿಳಿಯ ಗಂಡಸಿಗಿಂತ 1890ರ ಸುಮಾರಿಗೆ ಹುಟ್ಟಿದವನು ಸರಾಸರಿಯಲ್ಲಿ ಸುಮಾರು 4 ಸೆಂಟಿಮೀಟರ್ ಗಿಡ್ಡನಾಗಿದ್ದನು. ದೇಶ ಬೆಳೆಯುತ್ತಿದ್ದ ಆ ಅರುವತ್ತು ವರ್ಷಗಳಲ್ಲಿ ದೇಹ ಕುಗ್ಗಿತು. ಸೈನ್ಯಕ್ಕೆ ಸೇರುವವರಲ್ಲಿ ಬಡವರ ಪಾಲು ಕಾಲದಿಂದ ಕಾಲಕ್ಕೆ ಬದಲಾಗುವುದರಿಂದ ಈ ಲೆಕ್ಕ ಇಳಿಕೆಯನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಅವರ ವಾದಕ್ಕೆ ಬೆಲೆ ಕೊಟ್ಟರೂ ಮರಣದ ಲೆಕ್ಕವನ್ನು ಅಲ್ಲಗಳೆಯುವಂತಿಲ್ಲ. 1900ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಸುಮಾರು 47 ವರ್ಷ. ನೂರರಲ್ಲಿ ಸುಮಾರು 18 ಮಕ್ಕಳು ಐದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದರು. ವೈದ್ಯರ ಮನೆಯ ಮಕ್ಕಳ ಮರಣ ಕೂಡ ಇಡೀ ದೇಶದ ಸರಾಸರಿಗಿಂತ ಅಲ್ಪವೇ ಕಡಮೆಯಿತ್ತು. ಮನೆಯಲ್ಲಿ ಹಣವಿತ್ತು, ವಿದ್ಯೆಯಿತ್ತು. ನಗರದ ನೀರು ಮಾತ್ರ ಎಲ್ಲರಿಗೂ ಒಂದೇ ಆಗಿತ್ತು.

ನಗರಗಳು ಸಾಲ ಎತ್ತಿ, ತೆರಿಗೆ ಹಾಕಿ, ನೀರನ್ನು ಸೋಸಲು ಮತ್ತು ಚರಂಡಿಗಳನ್ನು ಕಟ್ಟಲು ಹೊರಟ ಮೇಲೆ ಈ ಸ್ಥಿತಿ ಬದಲಾಯಿತು. 1908ರಲ್ಲಿ ಜರ್ಸಿ ಸಿಟಿಯ ನೀರಿಗೆ ಕ್ಲೋರಿನ್ ಬೆರೆಸುವ ಕ್ರಮ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಇತರ ನಗರಗಳಿಗೂ ಹಬ್ಬಿ ವಿಷಮಶೀತ ಜ್ವರದ ಸಾವುಗಳು ತೀವ್ರವಾಗಿ ಇಳಿದವು. ಉಕ್ಕಿನ ಕಾರ್ಖಾನೆಯ ಕೆಲಸಗಾರನ ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆ 1923ರವರೆಗೂ ಮುಂದುವರಿಯಿತು. ಉಕ್ಕು ಕೋಟಿ ಟನ್ನು ದಾಟಿ ಎರಡು ದಶಕಗಳಾದ ಮೇಲೆ ಅವನಿಗೆ ಸಂಜೆಯೆಂಬುದು ದೊರೆಯಿತು ಎಂದ ಹಾಗಾಯಿತು.

ಶಿಕ್ಷಕರಾದ ನಮಗೆ ಇನ್ನೂ ಹತ್ತಿರದ ಸಂಗತಿ ಪ್ರೌಢಶಾಲೆಗಳದು. 1910ರಲ್ಲಿ ಅಮೆರಿಕದ ಹದಿಹರೆಯದವರಲ್ಲಿ ನೂರಕ್ಕೆ ಸುಮಾರು 9 ಮಂದಿ ಮಾತ್ರ ಪ್ರೌಢಶಾಲೆಯ ವ್ಯಾಸಂಗವನ್ನು ಪೂರೈಸುತ್ತಿದ್ದರು. 1940ರ ವೇಳೆಗೆ ಅದು ನೂರಕ್ಕೆ 50ರಷ್ಟಾಯಿತು. ಈ ಕಾರ್ಯದಲ್ಲಿ ಮುಂದಿದ್ದ ಪ್ರಾಂತಗಳಲ್ಲಿ ಅಯೋವಾ, ನೆಬ್ರಾಸ್ಕಾಗಳಂಥ ಒಕ್ಕಲುತನದ ಸೀಮೆಗಳಿದ್ದವೆಂಬುದು ಗಮನಾರ್ಹ. ಹೊಗೆಕೊಳವೆಯ ಪಟ್ಟಣಗಳಲ್ಲಿ ಹದಿನಾಲ್ಕರ ಹುಡುಗನನ್ನು ಕಾರ್ಖಾನೆಯ ಕೂಲಿ ಸೆಳೆದುಕೊಳ್ಳುತ್ತಿತ್ತು. ಜೋಳ ಬೆಳೆಯುವ ರೈತರ ಸಣ್ಣ ಊರುಗಳಾದರೋ ತಮ್ಮ ಆಸ್ತಿಯ ಮೇಲೆ ತಾವೇ ತೆರಿಗೆ ಹಾಕಿಕೊಂಡು ಪ್ರೌಢಶಾಲೆಗಳನ್ನು ನಡೆಸಿದವು. ಮಕ್ಕಳಿಲ್ಲದವನೂ, ಮಕ್ಕಳು ಓದಿ ಮುಗಿಸಿದವನೂ ಆ ತೆರಿಗೆಯನ್ನು ಕೊಟ್ಟನು.

ಸಂಪತ್ತು ಮೊದಲು ಬಾರದಿದ್ದರೆ ಈ ತೆರಿಗೆ ಎಲ್ಲಿಂದ ಬರುತ್ತಿತ್ತು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನೀರಿನ ಕೊಳವೆಗೆ ಕಬ್ಬಿಣ ಬೇಕು, ಕಬ್ಬಿಣಕ್ಕೆ ಕುಲುಮೆ ಬೇಕು. ಆದರೆ ಮ್ಯಾಸಚೂಸೆಟ್ಸ್ ಪ್ರಾಂತ ಮಕ್ಕಳ ಶಾಲಾ ಹಾಜರಿಯನ್ನು ಕಡ್ಡಾಯಗೊಳಿಸಿದ್ದು 1852ರಲ್ಲಿ, ಉಕ್ಕಿನ ಯುಗಕ್ಕಿಂತ ಬಹಳ ಮೊದಲು. ಸಂಪತ್ತು ಅವಕಾಶವನ್ನು ಕೊಟ್ಟಿತು. ಆ ಅವಕಾಶವನ್ನು ನೀರಾಗಿ, ಶಾಲೆಯಾಗಿ, ಬಿಡುವಾಗಿ ಮಾರ್ಪಡಿಸಿದವರು ಊರಿನ ಜನರು. ಎಲ್ಲಿ ಅವರು ಮಾಡಲಿಲ್ಲವೋ ಅಲ್ಲಿ ಅದು ಆಗಲಿಲ್ಲ. ದಕ್ಷಿಣದ ಪ್ರಾಂತಗಳ ಕರಿಯರಿಗೆ ಆ ಕಾಲದ ಬೆಳವಣಿಗೆಯ ಪಾಲು ಎಷ್ಟು ಸಂದಿತೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ನಮ್ಮ ಕರಾವಳಿಗೆ ಬರೋಣ. ನಮ್ಮಲ್ಲಿ ಕೈಗಾರಿಕಾ ಯುಗವೇ ಬರಲಿಲ್ಲವೆನ್ನುವುದು ಸರಿಯಲ್ಲ. ಅದು ಹೆಂಚಿನ ರೂಪದಲ್ಲಿ ಬಂತು. 1865ರಲ್ಲಿ, ಎಂದರೆ ಅಮೆರಿಕದ ಅಂತರ್ಯುದ್ಧ ಮುಗಿದ ವರ್ಷವೇ, ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು ಮಂಗಳೂರಿನ ಜೆಪ್ಪುವಿನಲ್ಲಿ ಯಂತ್ರದಿಂದ ಹೆಂಚು ಮಾಡುವ ಕಾರ್ಖಾನೆಯನ್ನು ತೆರೆದರು. ಹೊಳೆಯ ದಡದ ಜೇಡಿಮಣ್ಣು, ಘಟ್ಟದ ಸೌದೆ, ದೋಣಿಯ ಸಾಗಣೆ ಈ ಮೂರೂ ಎಲ್ಲೆಲ್ಲಿ ಕೂಡಿದ್ದವೋ ಅಲ್ಲೆಲ್ಲ ಹೆಂಚಿನ ಕಾರ್ಖಾನೆಗಳು ಎದ್ದವು. ಮಲ್ಪೆಯಲ್ಲಿ ಮಿಷನ್ನಿನದೇ ಒಂದು ಕಾರ್ಖಾನೆ ಬಂತು. ಕುಂದಾಪುರದ ಹೊಳೆಗಳ ದಂಡೆಯಲ್ಲಿ ಸ್ಥಳೀಯರೇ ಕಾರ್ಖಾನೆಗಳನ್ನು ಕಟ್ಟಿದರು. ಮಂಗಳೂರು ಹೆಂಚು ಬರ್ಮಾ, ಸಿಂಹಳ, ಪೂರ್ವ ಆಫ್ರಿಕಗಳವರೆಗೆ ಹಡಗೇರಿ ಹೋಯಿತು. ಅದೇ ಕಾಲದಲ್ಲಿ, ಮತ್ತು ಅನಂತರವೂ ಬಹುಕಾಲ, ಈ ಸೀಮೆಯ ಸಾಮಾನ್ಯ ಒಕ್ಕಲಿನ ಮನೆಯ ಮೇಲಿದ್ದುದು ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ಮಳೆಗಾಲಕ್ಕೆ ಮೊದಲು ಪ್ರತಿವರ್ಷ ಅದನ್ನು ಹೊದೆಸಬೇಕಾಗಿತ್ತು. ಹೆಂಚು ಮಾಡುವ ಸೀಮೆಯ ಜನರೇ ಹುಲ್ಲಿನಡಿ ಮಲಗುತ್ತಿದ್ದರು ಎಂಬಲ್ಲಿ ನನ್ನ ವಾದದ ಅರ್ಧಭಾಗ ಅಡಗಿದೆ. ಗೇರುಬೀಜದ ಕಥೆಯೂ ಹೀಗೆಯೇ. 1930ರ ದಶಕದಲ್ಲಿ ಭಾರತದ ಗೇರುಬೀಜದ ತಿರುಳಿನ ಬಹುಪಾಲನ್ನು ಕೊಂಡದ್ದು ಅಮೆರಿಕವೇ. ಅದನ್ನು ಸುಲಿದ ಹೆಂಗಸರ ಬೆರಳುಗಳಲ್ಲಿ ಉಳಿದದ್ದು ಸಿಪ್ಪೆಯ ಎಣ್ಣೆಯ ಸುಟ್ಟ ಕಲೆ.

ಹುಲ್ಲಿನ ಮಾಡು ಹೋಗಿ ಹೆಂಚಿನ ಮಾಡು ಬಂದದ್ದು ಯಾವಾಗ ಎಂದು ಯಾವುದೇ ಹಳ್ಳಿಯ ಹಿರಿಯರನ್ನು ಕೇಳಿದರೂ ಅವರು ಎರಡು ಕಾರಣಗಳನ್ನು ಹೇಳುತ್ತಾರೆ. ಒಂದು, ‘ಡಿಕ್ಲರೇಷನ್’. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ ಗೇಣಿಯ ಭೂಮಿ ಸರಕಾರಕ್ಕೆ ಸೇರಿ, ಅರ್ಜಿ ಹಾಕಿದ ಒಕ್ಕಲಿಗೆ ಭೂನ್ಯಾಯ ಮಂಡಳಿಯ ಮೂಲಕ ಅದರ ಹಕ್ಕು ದೊರೆಯಿತು. ಚಾಲಗೇಣಿಯ ಒಕ್ಕಲು ಮನೆಯನ್ನು ಭದ್ರವಾಗಿ ಕಟ್ಟುವಂತಿರಲಿಲ್ಲ; ಬಿಡಿಸಿದರೆ ಹೋಗಬೇಕಾದವನು ಹೆಂಚಿಗೆ ಹಣ ಹಾಕುವುದುಂಟೆ? ಕೆಲವು ಸಣ್ಣ ಒಡೆಯರ ಕುಟುಂಬಗಳು, ವಿಶೇಷವಾಗಿ ವಿಧವೆಯರು, ಈ ಕಾಯಿದೆಯಿಂದ ಕಷ್ಟಕ್ಕೊಳಗಾದದ್ದೂ ನಿಜ, ಅದನ್ನು ಮರೆಮಾಚಬಾರದು. ಒಟ್ಟಿನಲ್ಲಿ ಮಾತ್ರ, ನೂರು ವರ್ಷದ ಹೆಂಚಿನ ಉದ್ಯಮ ಒಕ್ಕಲಿಗೆ ಕೊಡಲಾರದ ಹೆಂಚನ್ನು ಒಂದು ಹಕ್ಕುಪತ್ರ ಕೊಟ್ಟಿತು.

ಎರಡನೆಯ ಕಾರಣ ಮನಿಯಾರ್ಡರು. ಹತ್ತು ಹನ್ನೆರಡು ವರ್ಷದ ಹುಡುಗರು ಘಟ್ಟ ಹತ್ತಿ ಶಿವಮೊಗ್ಗ, ಮೈಸೂರು, ಬೆಂಗಳೂರುಗಳಿಗೂ, ಕಡಲ ದಾರಿಯಲ್ಲಿ ಮುಂಬಯಿಗೂ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು. ಅವರಲ್ಲಿ ಕೆಲವರು ಗಲ್ಲದ ಮೇಲೆ ಕುಳಿತರು, ಬಹುಮಂದಿ ಕುಳಿತುಕೊಳ್ಳಲಿಲ್ಲ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಉಪಾಹಾರ ಗೃಹ ಮುಂದೆ ಮಾವಳ್ಳಿ ಟಿಫಿನ್ ರೂಮ್ ಎಂದು ನಾಡಿಗೆಲ್ಲ ಪರಿಚಿತವಾಯಿತು. ಅಂಥ ಹೆಸರುಗಳನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ನನಗೆ ಅವುಗಳಷ್ಟೇ ಮುಖ್ಯವಾಗಿ ತೋರುವುದು ಮುಂಬಯಿಯ ಕನ್ನಡ ರಾತ್ರಿಶಾಲೆಗಳು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯೇ ಮೊದಲಾದ ಸಂಘಗಳು ನಡೆಸಿದ ಈ ಶಾಲೆಗಳಲ್ಲಿ ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಪರೀಕ್ಷೆಗೆ ಓದಿದರು. ಬ್ಯಾಂಕಿನ ಗುಮಾಸ್ತರು, ವಕೀಲರು, ಅಧ್ಯಾಪಕರು ಆ ಬೆಂಚುಗಳಿಂದ ಎದ್ದು ಬಂದರು. ಅಯೋವಾದ ರೈತರು ತೆರಿಗೆಯಿಂದ ಮಾಡಿದ್ದನ್ನು ಇವರು ವಂತಿಗೆಯಿಂದ ಮಾಡಿದರು. ಪಿಟ್ಸ್‌ಬರ್ಗ್ ಸೀಮೆಯ ಉಕ್ಕಿನ ಕೆಲಸಗಾರನಿಗೆ ಇಲ್ಲದ ಸಂಜೆಯನ್ನು ನಮ್ಮ ಹುಡುಗರು ತಮ್ಮ ನಿದ್ರೆಯಿಂದ ಕಡಿದು ಪಡೆದರು.

ಉಳಿತಾಯದ ಚರಿತ್ರೆಯಲ್ಲಿಯೂ ನಮ್ಮ ತಾಲೂಕಿಗೆ ಒಂದು ಸ್ಥಾನವಿದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ತನ್ನ ಮೊದಲ ಶಾಖೆಯನ್ನು 1928ರಲ್ಲಿ ತೆರೆದದ್ದು ಬ್ರಹ್ಮಾವರದಲ್ಲಿ. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೇ ಬಂದು ಪಡೆಯುವ ಪಿಗ್ಮಿ ಠೇವಣಿ ಆರಂಭವಾದದ್ದೂ ಅದೇ ವರ್ಷ. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಜನರಿಗೆ ಕೂಡಿಡುವ ಅಭ್ಯಾಸ ಉಳಿಯಿತು, ಆದರೆ ಕೂಡಿಟ್ಟ ಹಣದ ದೊಡ್ಡ ಪಾಲು ಸಾಲವಾಗಿ ಹೋದದ್ದು ಬೇರೆ ಊರುಗಳ ಉದ್ಯಮಗಳಿಗೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಯಿತು. ಹೆಂಚಿನ ಕಾರ್ಖಾನೆಗಳು ತಾರಸಿ ಮನೆಗಳ ಮುಂದೆ, ಮಣ್ಣು ಸೌದೆಗಳ ಬೆಲೆಯ ಮುಂದೆ ಒಂದೊಂದಾಗಿ ಬಾಗಿಲು ಹಾಕಿದವು.

ಹೀಗಿದ್ದರೂ 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 86; ರಾಜ್ಯದ್ದು 75. ದೊಡ್ಡ ಕೈಗಾರಿಕೆಯಿಲ್ಲದೆಯೇ ಬಾಳು ಹಸನಾಗಬಹುದೆಂಬುದಕ್ಕೆ ನಾವೇ ಸಾಕ್ಷಿ. ಆದರೆ ಅದೇ ಗಣತಿಯ ಇನ್ನೆರಡು ಅಂಕಿಗಳು ನಮ್ಮ ಹಿಗ್ಗನ್ನು ತಗ್ಗಿಸತಕ್ಕವು. ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕೂ ಹೆಚ್ಚು ಬೆಳೆದಾಗ ನಮ್ಮ ಜಿಲ್ಲೆಯದು 6ರಷ್ಟೂ ಬೆಳೆಯಲಿಲ್ಲ. ಸಾವಿರ ಗಂಡಸರಿಗೆ ಇಲ್ಲಿ 1,094 ಹೆಂಗಸರು, ರಾಜ್ಯದಲ್ಲಿ 973. ಹೆಣ್ಣುಮಕ್ಕಳು ಬದುಕಿ ಉಳಿಯುತ್ತಾರೆಂಬ ಸಂತೋಷ ಇದರಲ್ಲಿರುವಂತೆ, ಗಂಡುಮಕ್ಕಳು ಊರಿನಲ್ಲಿಲ್ಲವೆಂಬ ಸಂಗತಿಯೂ ಇದೆ. ಹೊರಗೆ ಹೋದ ಮಗ ಈಗ ಮನಿಯಾರ್ಡರು ಕಳಿಸುವುದಿಲ್ಲ. ಹೆಂಡತಿ ಮಕ್ಕಳೊಡನೆ ಬೆಂಗಳೂರಿನಲ್ಲಿಯೋ ದುಬಾಯಿಯಲ್ಲಿಯೋ ನೆಲಸಿದ್ದಾನೆ. ಅವನ ಮಗು ನಮ್ಮ ಶಾಲೆಗೆ ಬರುವುದಿಲ್ಲ. ಅವನಿಂದ ಊರಿಗೆ ಬರುವುದು ವರ್ಷಕ್ಕೊಮ್ಮೆ ಜಾತ್ರೆಯ ಸಮಯದ ದೇಣಿಗೆ, ಮತ್ತು ಯಾವಾಗಲೋ ಒಮ್ಮೆ ಶಾಲೆಗೊಂದು ಕಟ್ಟಡ.

ಕಟ್ಟಡದ ದಾನವನ್ನು ಕುರಿತು ಎರಡು ಮಾತು ಹೇಳಲೆಂದೇ ಈ ಲೇಖನವನ್ನು ಬರೆಯತೊಡಗಿದೆ. ದಾನಿಗಳು ಬೇಸರಿಸಬಾರದು. ಹೊಸ ಕಟ್ಟಡಕ್ಕೆ ಹಣ ಕೂಡುತ್ತದೆ, ಹಳೆಯ ಕಟ್ಟಡದ ಸುಣ್ಣಬಣ್ಣಕ್ಕೆ ಕೂಡುವುದಿಲ್ಲ. ಪ್ರಯೋಗಾಲಯದ ಕೊಠಡಿಗೆ ಕೂಡುತ್ತದೆ, ಅದರೊಳಗಿನ ರಾಸಾಯನಿಕಗಳಿಗೆ ಕೂಡುವುದಿಲ್ಲ. ನಾನು ಬಲ್ಲ ಒಂದು ಶಾಲೆಯಲ್ಲಿ ಅಮೃತಶಿಲೆಯ ಫಲಕವುಳ್ಳ ಗ್ರಂಥಾಲಯಕ್ಕೆ ಉದ್ಘಾಟನೆಯ ಮರುವರ್ಷದಿಂದ ಬೀಗ ಬಿದ್ದಿತ್ತು; ಪುಸ್ತಕ ಕೊಡುವವರಿಗೆ ಸಂಬಳವಿರಲಿಲ್ಲ.

ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ತನ್ನ ದೇಶದಲ್ಲಿ 1,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಟ್ಟಿಸಿಕೊಟ್ಟನು. ಅವನ ಕಾರ್ಖಾನೆಯ ಹೋಮ್‌ಸ್ಟೆಡ್ ಊರಿನಲ್ಲಿ 1892ರ ಮುಷ್ಕರವನ್ನು ರಕ್ತಪಾತದಿಂದ ಮುರಿದದ್ದೂ, 1898ರಲ್ಲಿ ಅಲ್ಲಿಯೇ ಭವ್ಯ ಗ್ರಂಥಾಲಯವನ್ನು ತೆರೆದದ್ದೂ ಅವನ ಚರಿತ್ರೆಯಲ್ಲಿ ಅಕ್ಕಪಕ್ಕದಲ್ಲಿವೆ. ದಿನಕ್ಕೆ ಹನ್ನೆರಡು ಗಂಟೆ ದುಡಿದವನು ಪುಸ್ತಕವನ್ನು ಯಾವಾಗ ಓದಬೇಕು ಎಂದು ಅಂದಿನವರೇ ಕೇಳಿದರು. ಮನುಷ್ಯನನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅವನು ಹಾಕಿದ ಶರತ್ತನ್ನು ಮಾತ್ರ ನಾವು ಕಲಿಯಬೇಕು. ಊರು ನಿವೇಶನವನ್ನು ಕೊಡಬೇಕು. ಕಟ್ಟಡಕ್ಕೆ ಅವನು ಕೊಟ್ಟ ಮೊಬಲಗಿನ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ಅದರ ನಿರ್ವಹಣೆಗೆಂದು ಊರಿನವರು ತೆರಿಗೆಯಿಂದ ಎತ್ತಲು ಒಪ್ಪಬೇಕು. ಇದಕ್ಕೆ ಒಪ್ಪದೆ ಕಟ್ಟಡವೇ ಬೇಡವೆಂದ ಊರುಗಳೂ ಇದ್ದವು.

ಇದಕ್ಕಿಂತ ಹೃದಯಂಗಮವಾದ ಉದಾಹರಣೆ ದಕ್ಷಿಣದ ಕರಿಯರ ಶಾಲೆಗಳದು. ಗುಲಾಮಗಿರಿ ಹೋಗಿ ಅರ್ಧ ಶತಮಾನವಾದರೂ ಅವರ ಮಕ್ಕಳಿಗೆ ಸರಕಾರದ ಶಾಲೆ ಎಂದರೆ ಬಹುಮಟ್ಟಿಗೆ ಹೆಸರಿಗೆ ಮಾತ್ರ. ಸಿಯರ್ಸ್ ಕಂಪೆನಿಯ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವರ್ತಕನು ಬೂಕರ್ ವಾಷಿಂಗ್ಟನ್ ಅವರ ಪ್ರೇರಣೆಯಿಂದ 1912ರಿಂದ 1932ರವರೆಗೆ ಸುಮಾರು 5,000 ಶಾಲೆಗಳ ನಿರ್ಮಾಣಕ್ಕೆ ನೆರವಾದನು. ಅವನು ಪೂರ್ತಿ ಹಣವನ್ನು ಎಂದೂ ಕೊಡಲಿಲ್ಲ. ಸರಕಾರ ತನ್ನ ಪಾಲನ್ನು ಕೊಡಬೇಕು, ಊರಿನವರು ತಮ್ಮ ಪಾಲನ್ನು ಕೂಡಿಸಬೇಕು ಎಂಬುದು ಅವನ ನಿಯಮ. ಹತ್ತಿ ಬಿಡಿಸುವ ಕೂಲಿಗಳು ನಾಣ್ಯ ಕೂಡಿಸಿದರು, ಜಾಗ ಬಿಟ್ಟುಕೊಟ್ಟರು, ಮರ ಕಡಿದು ತಂದರು, ಬಿಡುವಿನ ದಿನ ಗೋಡೆ ಎಬ್ಬಿಸಿದರು. ಆ ಶಾಲೆಗಳು ಎದ್ದ ಕಡೆಗಳಲ್ಲಿ ಕರಿಯ ಮಕ್ಕಳ ಓದು ಹೆಚ್ಚಿತೆಂಬುದನ್ನು ಅನಂತರದ ಅಧ್ಯಯನಗಳು ತೋರಿಸಿವೆ.

ಇದು ನಮ್ಮವರಿಗೆ ಹೊಸದಾಗಿ ತೋರಬೇಕಾಗಿಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳು ನಡೆದು ಬಂದದ್ದು ಒಬ್ಬ ಧನಿಕನ ಒಂದು ದಿನದ ಕೊಡುಗೆಯಿಂದಲ್ಲ. ಪ್ರತಿ ಸುಗ್ಗಿಯಲ್ಲಿ ಅನೇಕ ಕಣಗಳಿಂದ ಬರುತ್ತಿದ್ದ ಧಾನ್ಯದಿಂದ. ಒಲೆ ದಿನವೂ ಉರಿಯಬೇಕಾದುದರಿಂದ ಕೊಡುವವರೂ ವರ್ಷವರ್ಷ ಕೊಟ್ಟರು. ಅನ್ನಕ್ಕೆ ನಾವು ಒಪ್ಪಿದ ಈ ಕ್ರಮವನ್ನು ಶಾಲೆಯ ಕಟ್ಟಡಕ್ಕೆ ಏಕೆ ಒಪ್ಪಲಿಲ್ಲವೆಂಬುದು ನನಗೆ ಅರ್ಥವಾಗದ ಸಂಗತಿ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ಸಲಹೆಯಿದು. ಇನ್ನು ಮುಂದೆ ಹತ್ತು ಲಕ್ಷ ರೂಪಾಯಿಯ ಕೊಠಡಿಯೊಂದನ್ನು ಸ್ವೀಕರಿಸುವ ಮೊದಲು ವರ್ಷಕ್ಕೆ ಒಂದು ಲಕ್ಷದ ನಿರ್ವಹಣೆಗೆ ಒಪ್ಪಿಗೆ ಪತ್ರವನ್ನು ಪಡೆಯಬೇಕು. ಅದನ್ನು ಆ ದಾನಿಯೊಬ್ಬರೇ ಹೊರಬೇಕಾಗಿಲ್ಲ. ಇನ್ನೂರು ಮಂದಿ ಹಳೆಯ ವಿದ್ಯಾರ್ಥಿಗಳು ತಲಾ 500 ರೂಪಾಯಿ ಕೊಟ್ಟರೆ ಆ ಲಕ್ಷ ಕೂಡುತ್ತದೆ. ಆ ಹಣ ಮೊದಲು ಹೋಗಬೇಕಾದದ್ದು ಕುಡಿಯುವ ನೀರಿನ ತೊಟ್ಟಿಯ ಶುದ್ಧಿಗೆ, ಹೆಣ್ಣುಮಕ್ಕಳ ಶೌಚಾಲಯಕ್ಕೆ, ಗ್ರಂಥಪಾಲಕರ ಸಂಬಳಕ್ಕೆ, ಪ್ರಯೋಗಾಲಯದ ಸಾಮಗ್ರಿಗೆ. ಉಳಿದರೆ, ಸಂಜೆ ಕೆಲಸ ಮುಗಿಸಿ ಬರುವ ಹಂಚಿನ ಕೆಲಸದವರ, ದೋಣಿಯವರ, ಹೊರ ಜಿಲ್ಲೆಗಳಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವವರ ಮಕ್ಕಳಿಗೆ ರಾತ್ರಿಪಾಠಕ್ಕೆ. ಮುಂಬಯಿಯಲ್ಲಿ ನಮ್ಮ ಹುಡುಗರಿಗೆ ಬೇರೆಯವರ ಊರು ಬೆಂಚು ಕೊಟ್ಟಿದ್ದಿತಲ್ಲವೆ? ಖರ್ಚಿನ ಈ ಲೆಕ್ಕವನ್ನು ಮುಂದಿನ ವರ್ಷದ ಸಂಚಿಕೆಯಿಂದ ದಾನಿಗಳ ಹೆಸರಿನ ಪಟ್ಟಿಯ ಎದುರು ಪುಟದಲ್ಲಿಯೇ ಅಚ್ಚು ಹಾಕಿಸಬೇಕು.